ಒಪ್ಪಿಗೆಗೆ ಕಾದ ಪ್ರತಿಕ್ರಿಯೆ

ಕಾಫಿ ಆರುವುದರೊಳಗೆ ತನ್ನ ಬ್ಲಾಗಿಗೆ ಬರೆದ ನಾಲ್ಕಾರು ಜನಕ್ಕಾದರೂ ಉತ್ತರ ಬರೆದುಬಿಡಬೇಕೆಂದು ಸಿಗ್ನೆ ಅಡುಗೆಮನೆಯ ಮೇಜಿನ ಮುಂದೆ ಕುಳಿತಿದ್ದಳು. ಕಿಟಕಿಯಾಚೆ ಕೊಲ್ಲಿಯ ನೀರು ಸೀಸದ ಬಣ್ಣಕ್ಕೆ ತಿರುಗಿತ್ತು. ನವೆಂಬರಿನಲ್ಲಿ ಉತ್ತರದ ಕರಾವಳಿಯ ಈ ಸ್ಕಾರ್ವಿಕಕ್ಕೆ ಬೆಳಕು ಬರಲೋ ಬೇಡವೋ ಎಂಬಂತೆ ಬಂದು, ಕೂರುವ ಮೊದಲೇ ಎದ್ದು ಹೋಗುತ್ತದೆ. ಓಡ್ವಾರ್ ಒಲೆಗೆ ಕಟ್ಟಿಗೆ ತುಂಬಿದ. ತುಂಬಿದ ಮೇಲೂ ಅಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದ. ಹೆಂಡತಿಯ ಲ್ಯಾಪ್‌ಟಾಪಿನ ಕಡೆ ನೋಡದಿರಲು ಅವನಿಗೊಂದು ಕೆಲಸ ಬೇಕಿತ್ತು. ‘ಮೂರು ಮಕ್ಕಳ ಅಪ್ಪ’ ಎಂಬ ಹೆಸರಿನವನೊಬ್ಬ ಬರೆದಿದ್ದ: ‘ಪಿಂಚಣಿ ಕೈಗೆ ಬರುವ ತನಕ ಬಾಯಿಗೆ ಹೊಲಿಗೆ ಹಾಕಿಕೊಂಡಿದ್ದವರಿಗೆ ಈಗ ಆತ್ಮಸಾಕ್ಷಿ ಹುಟ್ಟಿದೆಯಂತೆ. ಹೆರಿಗೆ ಮಾಡಿಸಿದ್ದು ಯಾರೋ?’ ಸಿಗ್ನೆಗೆ ಬೇಡವೆಂದರೂ ನಗು ಬಂತು. ನಂತರ ಗಂಭೀರಳಾಗಿ ಬೆರಳಾಡಿಸಿದಳು. ‘ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಇದನ್ನು ನಾನು ಕೆಲಸದಲ್ಲಿದ್ದಾಗಲೇ ಬರೆಯಬೇಕಿತ್ತೆಂಬ ಮಾತೂ ಸರಿ. ಆದರೆ ತಡವಾಗಿ ಬಂದ ಮಾತು ತಡವಾಯಿತೆಂಬ ಕಾರಣಕ್ಕೆ ಸುಳ್ಳಾಗುವುದಿಲ್ಲ.’ ಕೊನೆಯ ವಾಕ್ಯವನ್ನು ಎರಡು ಸಲ ಓದಿ, ಚೆನ್ನಾಗಿದೆ ಅನ್ನಿಸಿ, ಕಳಿಸಿದಳು. ಬೈದವರಿಗೆ ಹೀಗೆ ಸಾವಧಾನವಾಗಿ ಉತ್ತರ ಕೊಡುವಾಗ ತನ್ನೊಳಗೆ ಏಳುವ ತಣ್ಣನೆಯ ಸುಖ ಎಂಥದೆಂದು ಅವಳಿಗೆ ಗೊತ್ತಿತ್ತು. ನೋವಿನಲ್ಲಿ ಕಿರುಚುತ್ತ ತನ್ನ ಮುಂಗೈಗೆ ಉಗುರು ಊರಿದ ಬಸುರಿಯರ ಹಣೆ ಒರೆಸುವಾಗಲೂ ಅದೇ ಸುಖ ಏಳುತ್ತಿತ್ತು. ನೀನು ಕಿರುಚು ತಾಯಿ, ನಾನು ಕಿರುಚುವುದಿಲ್ಲ.

“ಇವತ್ತೂ ಎಲ್ಲರಿಗೂ ಬರೀತೀಯಾ?” ಎಂದ ಓಡ್ವಾರ್ ಒಲೆಯ ಕಡೆಗೇ ಮುಖ ಮಾಡಿ.

“ಕೇಳಿದೋರಿಗೆ ಉತ್ತರ ಕೊಡಬೇಕಲ್ಲ.”

“ಕೇಳಿದೋರು ಎಲ್ಲಿದಾರೆ? ಎಲ್ಲ ಉಗಿದೋರೇ.”

ಕೇಳಿದವರು ಒಬ್ಬರಿದ್ದರು. ಗುರುವಾರ ಮಧ್ಯಾಹ್ನ ಬಂದ ಪ್ರತಿಕ್ರಿಯೆ ಅದು. ಅವಳ ಬ್ಲಾಗಿಗೆ ಯಾರೇ ಬರೆದರೂ ಅವಳು ಒಪ್ಪಿಗೆ ಕೊಟ್ಟ ಮೇಲಷ್ಟೇ ಊರಿಗೆ ಕಾಣುತ್ತಿತ್ತು. ಬರೆದವರಿಗೂ ತಮ್ಮದು ಅಲ್ಲಿಯವರೆಗೆ ಕಾಣುತ್ತಿರಲಿಲ್ಲ. ಗುರುವಾರದಿಂದ ಶನಿವಾರದವರೆಗೆ ಅದಕ್ಕಿಂತ ಈಚೆಗೆ ಬಂದವರಿಗೆಲ್ಲ ಒಪ್ಪಿಗೆ ಕೊಟ್ಟು, ಕಳ್ಳಿ, ಊರದ್ರೋಹಿ ಎಂದವರಿಗೂ ಮರ್ಯಾದೆಯಿಂದ ಬರೆದು, ಆ ಒಂದನ್ನು ಮಾತ್ರ ಪಟ್ಟಿಯಲ್ಲಿ ಹಾಗೇ ಬಿಟ್ಟಿದ್ದಳು. ಬಸ್ಸಿನಲ್ಲಿ ಪಕ್ಕದ ಸೀಟಿನವರ ಕಣ್ಣು ತಪ್ಪಿಸುವಂತೆ ಅದರ ಮೇಲಿಂದ ಕಣ್ಣು ಜಾರಿಸುವುದು ಈ ಮೂರು ದಿನದಲ್ಲಿ ಅಭ್ಯಾಸವಾಗಿಬಿಟ್ಟಿತ್ತು.

‘ನಮಸ್ಕಾರ. ನನ್ನ ಹೆಸರು ವಿಲ್ಡೆ. ಐದನೇ ಕ್ಲಾಸು. ನೀವು ಬರೆದಿರೋ ಮಗು ನಾನಾ? ದಯವಿಟ್ಟು ಉತ್ತರ ಕೊಡಿ.’

ಕೆಲಸ ಬಿಟ್ಟ ಮೇಲೆ ಹೊತ್ತು ಹೋಗದೆ ಶುರು ಮಾಡಿದ ಬ್ಲಾಗು ಅದು. ಎದೆಹಾಲು, ಚಳಿಗಾಲದ ರಸ್ತೆ, ಮೊದಲ ಬಸುರಿನ ಭಯ ಇಂಥವುಗಳ ಬಗ್ಗೆ ಬರೆಯುತ್ತಿದ್ದಳು; ಊರಿನ ಕೆಲವು ಹೆಂಗಸರು ಓದಿ ಒಂದು ಹೃದಯದ ಚಿತ್ರ ಹಾಕಿ ಹೋಗುತ್ತಿದ್ದರು. ಸ್ಕಾರ್ವಿಕದ ಪುಟ್ಟ ಆಸ್ಪತ್ರೆಯ ಹೆರಿಗೆ ವಾರ್ಡನ್ನು ಮುಚ್ಚಿ, ಬಸುರಿಯರನ್ನು ಘಟ್ಟದಾಚೆಯ ದೊಡ್ಡಾಸ್ಪತ್ರೆಗೆ ಕಳಿಸಬೇಕೆಂಬ ಮಾತು ಮೇಲಿನಿಂದ ಬಂದಾಗ ಊರಿಗೆ ಊರೇ ಎದ್ದು ನಿಂತಿತು. ಮೀನು ಕಾರ್ಖಾನೆಯವರು, ಪಾದ್ರಿ, ಶಾಲೆಯ ಮಕ್ಕಳು, ಎಡದವರು, ಬಲದವರು. ಆಗ ಅದೇ ವಾರ್ಡಿನಲ್ಲಿ ಮೂವತ್ತು ವರ್ಷ ಸೂಲಗಿತ್ತಿಯಾಗಿದ್ದ ಸಿಗ್ನೆ, ಅರ್ಧ ಊರನ್ನು ಬರಿಗೈಯಲ್ಲಿ ಹಿಡಿದು ಈ ಲೋಕಕ್ಕೆ ಎಳೆದುಕೊಂಡ ಸಿಗ್ನೆ, ‘ನಮ್ಮ ವಾರ್ಡನ್ನು ಮುಚ್ಚಿ’ ಎಂದು ಬರೆದಳು. ಎಲ್ಲ ಸಿದ್ಧವಿದೆಯೆಂದು ನಟಿಸುವ ಜಾಗ, ಏನೂ ಇಲ್ಲದ ಜಾಗಕ್ಕಿಂತ ಅಪಾಯದ್ದು ಎಂದು ಬರೆದಳು. ಅದನ್ನೀಗಲೂ ಅವಳು ನಂಬುತ್ತಾಳೆ. ಬರೆದ ಮರುವಾರ ಪಂಜಿನ ಮೆರವಣಿಗೆ ಅವಳ ಮನೆಯ ಕೆಳಗಿನ ರಸ್ತೆಯಲ್ಲೇ ಹೋಯಿತು. ಪರದೆಯ ಹಿಂದೆ ನಿಂತು ನೋಡಿದಳು. ಕೂಗಿಲ್ಲ, ಘೋಷಣೆಯಿಲ್ಲ, ಬೆಂಕಿ ಹಿಡಿದ ಕೈಗವಸುಗಳು ಮಾತ್ರ. ಒಂದೊಂದು ಮುಖವೂ ಅವಳ ಕಿಟಕಿಯ ಕೆಳಗೆ ಬಂದಾಗ ನೇರ ಮುಂದಕ್ಕೆ ನೋಡಿಕೊಂಡು ಹೋಯಿತು. ಎಲ್ಲರಿಗಿಂತ ಮುಂದೆ ಮಾರ್ತೆ, ಮಗಳು ವಿಲ್ಡೆಯ ಗಾಲಿಕುರ್ಚಿ ತಳ್ಳುತ್ತ ನಡೆಯುತ್ತಿದ್ದಳು. ಕುರ್ಚಿಯ ಹಿಡಿಗೆ ಕಟ್ಟಿದ್ದ ಪಂಜಿನ ಬೆಳಕು ಆ ಹುಡುಗಿಯ ಉಣ್ಣೆ ಟೋಪಿಯ ಮೇಲೆ ಕುಣಿಯುತ್ತಿತ್ತು. ಸಿಗ್ನೆ ಪರದೆಯಿಂದ ಇನ್ನಷ್ಟು ಹಿಂದಕ್ಕೆ ಸರಿದಳು. ಅಷ್ಟರಲ್ಲಾಗಲೇ ಲೇಖನದ ಒಂದು ವಾಕ್ಯವನ್ನು ರಾಜಧಾನಿಯ ಪತ್ರಿಕೆಯೊಂದು ದಪ್ಪಕ್ಷರದಲ್ಲಿ ಹಾಕಿಯಾಗಿತ್ತು.

ಆ ವಾಕ್ಯ. ಅದನ್ನು ಬರೆದ ಬೆಳಿಗ್ಗೆ ಅವಳಿಗೆ ನೆನಪಿದೆ. ‘ಒಂದು ಮಗು ನನಗೆ ಗೊತ್ತು. ಹೊಟ್ಟೆ ಕೊಯ್ದು ಮಗುವನ್ನು ತೆಗೆಯಬಲ್ಲ ವೈದ್ಯರು ಅಂದು ಕೊಲ್ಲಿಯಾಚೆ ಇದ್ದರು. ಗಾಳಿಗೆ ದೋಣಿ ಹೊರಡಲಿಲ್ಲ. ಮಗು ಬದುಕಿದೆ; ನಡೆಯುವುದಿಲ್ಲ.’ ಮೊದಲು ‘ಹೆಣ್ಣುಮಗು’ ಎಂದಿತ್ತು. ಗುರುತು ಸಿಗಬಾರದೆಂದು ‘ಹೆಣ್ಣು’ ಹೊಡೆದುಹಾಕಿದಳು. ಊರಿನಲ್ಲಿ ನಡೆಯಲಾಗದ ಮಗು ಇರುವುದೇ ಒಂದು ಎಂಬುದು ಆಗ ಹೊಳೆಯಲೇ ಇಲ್ಲವೆ? ಹೊಳೆದಿತ್ತು. ಹೊಳೆದದ್ದನ್ನು ಪಕ್ಕಕ್ಕಿಟ್ಟು, ‘ಬದುಕಿದೆ’ಯ ಮುಂದೆ ಅಲ್ಪವಿರಾಮ ಇಡಲೇ ಅರ್ಧವಿರಾಮ ಇಡಲೇ ಎಂದು ತುಂಬ ಹೊತ್ತು ಯೋಚಿಸಿದ್ದಳು. ಅರ್ಧವಿರಾಮ ಇಟ್ಟಾಗ ಮೈ ಜುಮ್ಮೆಂದಿತ್ತು. ಇದನ್ನು ಓದಿದವರು ಮರೆಯಲಾರರು ಎಂದುಕೊಂಡಿದ್ದಳು. ಯಾರೂ ಮರೆಯಲಿಲ್ಲ.

ಲ್ಯಾಪ್‌ಟಾಪ್ ಮುಚ್ಚಿ ಕೋಟು ಹಾಕಿಕೊಂಡಳು.

“ಎಲ್ಲಿಗೆ?” ಎಂದ ಓಡ್ವಾರ್.

“ರುಬ್ಬಿದ ಮೀನಿನ ಹಿಟ್ಟು ತರ್ತೀನಿ. ಸಂಜೆಗೆ ವಡೆ ಮಾಡೋಣ.”

“ನಾನು ಹೋಗ್ಬರ್ತೀನಿ ಬಿಡು. ನನ್ನ ಜತೆ ಇನ್ನೂ ಮಾತಾಡ್ತಾರೆ, ನಾನು ಓಡಿಸೋ ದೋಣಿ ಲೇಟಾದ್ರೆ ಬೈಯೋಕಾದ್ರೂ.”

ಅವಳು ನಗಲಿಲ್ಲವೆಂದು ನೋಡಿ, “ಅಳಿಸಿಬಿಡು ಸಿಗ್ನೆ. ಇಡೀ ಲೇಖನ ತೆಗೆದುಹಾಕು. ಹೇಳಬೇಕಾದ್ದು ಹೇಳಿ ಆಯ್ತಲ್ಲ,” ಎಂದ. ಅವನಿಗೆ ವಿಲ್ಡೆಯ ವಿಷಯ ಅವಳು ಹೇಳಿರಲಿಲ್ಲ.

ಅಂಗಡಿಯಲ್ಲಿ ಗಲ್ಲಾದಲ್ಲಿ ಕೂತಿದ್ದ ಹುಡುಗಿಯನ್ನು ಅವಳು ಹುಟ್ಟುವಾಗ ಸಿಗ್ನೆ ಕಾಲು ಮೊದಲಾಗಿ ಹೊರಗೆ ತೆಗೆದಿದ್ದಳು; ಉಸಿರು ಬರಲೊಲ್ಲದೆ ನೀಲಿಯಾಗಿದ್ದವಳ ಬೆನ್ನನ್ನು ಟವೆಲಿನಲ್ಲಿ ಉಜ್ಜಿ ಉಜ್ಜಿ ಕೆಂಪು ಮಾಡಿದ್ದಳು. ಆ ಹುಡುಗಿ ಹಿಂದಿನ ಗಿರಾಕಿಗೆ “ಒಳ್ಳೇ ವಾರಾಂತ್ಯ” ಎಂದವಳು, ಸಿಗ್ನೆಯ ಸರದಿ ಬಂದಾಗ ಬೆಲೆ ತೋರುವ ಪುಟ್ಟ ಪರದೆಯನ್ನು ಅವಳ ಕಡೆ ತಿರುಗಿಸಿ ಸುಮ್ಮನಾದಳು. ಚೀಲ ಬೇಕೆ ಎಂದು ಕೇಳಲಿಲ್ಲ. ಸಿಗ್ನೆ ಮೀನಿನ ಹಿಟ್ಟನ್ನೂ ಹಾಲನ್ನೂ ಕಂದು ಚೀಸನ್ನೂ ಎದೆಗವಚಿಕೊಂಡು ಹೊರಬಂದಳು. ಇದೇನು ದೊಡ್ಡದು? ಚೀಲ ಕೇಳದೇ ಹೋದದ್ದನ್ನು ಯಾರಿಗೆ ದೂರು ಹೇಳುವುದು? ಕಳೆದ ವಾರ ಅವಳು ಹಾಡುತ್ತಿದ್ದ ಗಾಯಕವೃಂದದ ಮುಖ್ಯಸ್ಥ ಬಂದು, ಕ್ರಿಸ್ಮಸ್ ಕಾರ್ಯಕ್ರಮಕ್ಕೆ ಕೆಳಸ್ಥಾಯಿಯ ದನಿಗಳು ಈ ಸಲ ಜಾಸ್ತಿಯಾಗಿವೆ, ನೀನು ಬಿಡುವು ತೆಗೆದುಕೊಂಡರೆ ಹೇಗೆ ಎಂದು ತನ್ನ ಬೂಟು ನೋಡಿಕೊಂಡು ಹೇಳಿದ್ದ. ಕೆಳಸ್ಥಾಯಿಯಲ್ಲಿ ಇದ್ದವರು ಮೂವರೇ. “ಆಗಲಿ, ನನಗೂ ಗಂಟಲು ಸರಿಯಿಲ್ಲ,” ಎಂದಿದ್ದಳು. ಅವನಿಗೆ ಸುಳ್ಳು ಹೇಳುವ ಕಷ್ಟ ತಪ್ಪಲಿ ಎಂದು ತಾನೇ ಒಂದು ಸುಳ್ಳು ಒದಗಿಸಿಕೊಟ್ಟಿದ್ದಳು. ಅದೂ ಒಂದು ಸೂಲಗಿತ್ತಿತನವೇ.

ಕಾರಿನಲ್ಲಿ ಕೂತು ಎಂಜಿನ್ ಹಾಕದೆ ಇದ್ದಾಗ ವಾರ್ಡಿನಲ್ಲಿ ಜತೆಗಿದ್ದ ಇನ್ನೊಬ್ಬ ಸೂಲಗಿತ್ತಿ ತೂರಾಳ ಕೈ ನೆನಪಾಯಿತು. ಹನ್ನೊಂದು ವರ್ಷದ ಹಿಂದಿನ ಆ ಬೆಳಿಗ್ಗೆ ಗಾಳಿ ನಿಂತಿತ್ತು. ಸಿಗ್ನೆ ಪಾಳಿಗೆಂದು ಒಳಗೆ ಬಂದಾಗ ಇಡೀ ರಾತ್ರಿ ಕೆಲಸದಲ್ಲಿದ್ದ ತೂರಾ ಕೈತೊಳೆಯುವ ತೊಟ್ಟಿಯ ಮುಂದೆ ನಿಂತಿದ್ದಳು. ನಲ್ಲಿ ಬಿಟ್ಟಿತ್ತು, ಕೈ ನೀರಿನ ಕೆಳಗಿರಲಿಲ್ಲ. ಮಾರ್ತೆಯ ಹೊಟ್ಟೆಯಲ್ಲಿದ್ದ ಮಗುವಿನ ಎದೆಬಡಿತ ಹಿಂದಿನ ಸಂಜೆಯೇ ಎರಡು ಸಲ ಇಳಿದಿತ್ತು ಎಂದು ತೂರಾ ಹೇಳಿದಳು. ಆಗಲೇ ಘಟ್ಟ ದಾಟಿಸಬಹುದಿತ್ತು, ರಸ್ತೆ ಇನ್ನೂ ತೆರೆದಿತ್ತು, ಆದರೆ ನಮ್ಮ ವೈದ್ಯರು ಬರುತ್ತಾರಲ್ಲ ಎಂದು ಕಾದೆ. ನಮ್ಮ ಹತ್ತಿರ ಎಲ್ಲ ಇದೆಯಲ್ಲ ಎಂದು ಕಾದೆ. ಆಮೇಲೆ ರಸ್ತೆಯೂ ಮುಚ್ಚಿತು, ದೋಣಿಯೂ ನಿಂತಿತು. ತೂರಾ ಅಳಲಿಲ್ಲ. ನಲ್ಲಿ ನಿಲ್ಲಿಸಿದವಳು ಸಿಗ್ನೆ. ಇಬ್ಬರೂ ಸೇರಿ ಬಾಣಂತಿಯ ಕೋಣೆಗೆ ಹೋದರು. ಮಂಪರಿನಲ್ಲಿದ್ದ ಮಾರ್ತೆ, ಮಗುವನ್ನು ವಿಮಾನದಲ್ಲಿ ಕರೆದೊಯ್ದಾಯಿತೇ ಎಂದು ಕೇಳಿದಳು. ತೂರಾ ಅವಳ ಕೂದಲು ನೇವರಿಸಿ, “ಹೋಯ್ತು ಕಣೆ, ಉಸಿರಾಡ್ತಿದೆ. ನೀನು ಇಲ್ಲಿದ್ದದ್ದೇ ಪುಣ್ಯ. ಘಟ್ಟದ ದಾರೀಲಿ ಆಗಿದ್ರೆ ನೀವಿಬ್ಬರೂ ಉಳೀತಿರಲಿಲ್ಲ,” ಎಂದಳು. ಮಾರ್ತೆ ತೂರಾಳ ಕೈಗೆ ಮುತ್ತಿಟ್ಟಳು. ಸಿಗ್ನೆ ಹೊದಿಕೆ ಸರಿಮಾಡಿದಳು. ಹೇಳಿದ ಮಾತೇನೂ ಸುಳ್ಳಲ್ಲ, ಎಂದುಕೊಂಡಿದ್ದಳು ಆಗ. ಈಗ ಅನ್ನಿಸಿತು: ನಾನು ಬರೆದದ್ದೂ ಸುಳ್ಳಲ್ಲ. ಅವಳು ಒಂದು ತುದಿಯನ್ನು ಹೇಳಿದಳು, ನಾನು ಇನ್ನೊಂದನ್ನು.

ಕಾರನ್ನು ಮನೆಯ ಕಡೆ ತಿರುಗಿಸದೆ ತೂರಾಳ ಮನೆಯ ಕಡೆ ತಿರುಗಿಸಿದಳು.

ಲೇಖನ ಬಂದ ದಿನದಿಂದ ತೂರಾ ಮಾತಾಡಿರಲಿಲ್ಲ. ಬಾಗಿಲು ತೆಗೆದು, ಹೆಣೆಯುತ್ತಿದ್ದ ಕಾಲುಚೀಲವನ್ನು ಕಂಕುಳಲ್ಲಿ ಅವುಚಿಕೊಂಡು, ಒಳಗೆ ಬಾ ಎನ್ನದೆ ನಿಂತಳು. ಸಿಗ್ನೆ ಮೆಟ್ಟಿಲ ಮೇಲೇ ನಿಂತು ವಿಲ್ಡೆಯ ಪ್ರತಿಕ್ರಿಯೆಯನ್ನು ಬಾಯಿಪಾಠದಂತೆ ಒಪ್ಪಿಸಿದಳು. ದಯವಿಟ್ಟು ಉತ್ತರ ಕೊಡಿ ಎಂಬುದನ್ನೂ ಬಿಡಲಿಲ್ಲ.

ತೂರಾ ಕಾಲುಚೀಲವನ್ನು ಕಂಕುಳಲ್ಲಿ ಇನ್ನಷ್ಟು ಒತ್ತಿಕೊಂಡಳು. ಆಮೇಲೆ, “ಯಾರೆಲ್ಲ ನೋಡಿದಾರೆ?” ಎಂದಳು.

“ನಾನೊಬ್ಬಳೇ.”

“ಮತ್ತೆ ಅಳಿಸು. ಮಕ್ಕಳು ಏನೋ ಬರೀತವೆ, ಮರೀತವೆ.”

“ಅವಳು ಮರೀತಾಳಾ?”

“ನನ್ನನ್ಯಾಕೆ ಕೇಳ್ತೀಯಾ? ಬರೆಯೋವಾಗ ಕೇಳಿದ್ಯಾ?” ತೂರಾಳ ದನಿ ಏರಲಿಲ್ಲ, ಸಣ್ಣದಾಯಿತು. “ಆ ಬೆಳಿಗ್ಗೆ ನಾನು ಹೇಳಿದ್ದು ನಿನಗೆ ಸಿಗ್ನೆ. ಬ್ಲಾಗಿಗಲ್ಲ.”

“ನಿನ್ನ ಹೆಸರು ನಾನು ಎಲ್ಲೂ ಹಾಕಿಲ್ಲ.”

“ಅವಳ ಹೆಸರೂ ಹಾಕಿಲ್ಲ ನೀನು. ಏನಾಯ್ತು?”

ಅಪರಿಚಿತರಿಗಾದರೆ ಉತ್ತರ ಎಷ್ಟು ಸಲೀಸಾಗಿ ಬರುತ್ತಿತ್ತು. ನಿಮ್ಮ ನೋವು ನನಗೆ ಅರ್ಥವಾಗುತ್ತದೆ, ಆದರೆ. ತೂರಾಳ ಕಂಕುಳಿಂದ ಉಣ್ಣೆಯ ಉಂಡೆ ಜಾರಿ ಮೆಟ್ಟಿಲಿಳಿದು ಉರುಳಿತು. ಸಿಗ್ನೆ ಬಗ್ಗಿ ಎತ್ತಿ, ಅಂಟಿದ್ದ ಎಲೆ ತೆಗೆದು ಕೊಟ್ಟಳು. ತೂರಾ ಇಸಿದುಕೊಂಡಳು.

“ನಾನೀಗ ಮಾರ್ತೆ ಮನೆಗೆ ಹೋಗ್ತೀನಿ. ನೀನು ಎದೆಬಡಿತ ಇಳಿದದ್ದು ಹೇಳಿದ್ಯಲ್ಲ, ಅದನ್ನ ನಾನಾಗಿ ಹೇಳಲ್ಲ. ಆದರೆ ಅವರಾಗಿ ಕೇಳಿದ್ರೆ ಸುಳ್ಳು ಹೇಳಲ್ಲ. ಇದನ್ನ ಮೊದಲು ನಿನಗೆ ಹೇಳೋಣ ಅಂತ ಬಂದೆ.”

“ಮೊದಲು,” ಎಂದಳು ತೂರಾ. “ಅದೊಂದು ಕಲಿತ್ಯಲ್ಲ.” ಬಾಗಿಲನ್ನು ಬಡಿಯಲಿಲ್ಲ. ಮೆಲ್ಲಗೆ, ಮಲಗಿದ ಕೂಸಿರುವ ಮನೆಯ ಬಾಗಿಲಿನಂತೆ, ಮುಚ್ಚಿದಳು.

ಮಾರ್ತೆಯ ಮನೆ ಊರಿನ ಮೇಲುತುದಿಯಲ್ಲಿ, ಚರ್ಚಿನ ಹಿಂದೆ. ಬಾಗಿಲಿಗೆ ಮೆಟ್ಟಿಲ ಬದಲು ಮರದ ಇಳಿಜಾರು. ಊರವರೆಲ್ಲ ಒಂದು ಭಾನುವಾರ ಸೇರಿ ಕಟ್ಟಿದ್ದು. ಓಡ್ವಾರ್ ಹಲಗೆ ತಂದಿದ್ದ, ಸಿಗ್ನೆ ಎಲ್ಲರಿಗೂ ಕಾಫಿ ಬಗ್ಗಿಸಿದ್ದಳು. ಅಂದು ಮಾರ್ತೆ ಅತ್ತದ್ದು ನೋಡಿ ಎಲ್ಲರಿಗೂ ಹಿತವಾಗಿತ್ತು. ಒಳಗಿನಿಂದ ವಾಫಲ್ ಬೇಯುವ ವಾಸನೆ ಬರುತ್ತಿತ್ತು. ಬಾಗಿಲು ತೆಗೆದ ಮಾರ್ತೆಯ ಕೈಯಲ್ಲಿ ಹಿಟ್ಟಿನ ಸೌಟು ಇತ್ತು. ಸಿಗ್ನೆಯನ್ನು ಕಂಡು ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಹಾಗೇ ಹಿಡಿದು ನಿಂತಳು. ಹಿಟ್ಟು ತೊಟ್ಟಿಕ್ಕಿತು.

“ಮನೆವರೆಗೂ ಬಂದ್ಯಾ,” ಎಂದಳು. “ಇನ್ನೇನು ಬರೆಯೋದಿದೆ? ಅಡುಗೆಮನೆ ನೋಡ್ಬೇಕಾ?”

“ವಿಲ್ಡೆ ನನಗೆ ಒಂದು ಪ್ರಶ್ನೆ ಕೇಳಿದಾಳೆ. ನಿನ್ನ ಕೇಳದೆ ಅವಳಿಗೆ ಉತ್ತರ ಕೊಡಬಾರದು ಅನ್ನಿಸ್ತು.”

ಫೋನಿನಲ್ಲಿ ತೆಗೆದು ತೋರಿಸಿದಳು. ಮಾರ್ತೆ ಓದಿದಳು. ಮುಖದಲ್ಲಿ ಏನೂ ಆಗಲಿಲ್ಲ, ಕತ್ತಿನ ಬುಡದಲ್ಲಿ ಮಾತ್ರ ಕೆಂಪು ಏರಿತು. “ಶೂ ಬಿಚ್ಚಿ ಬಾ,” ಎಂದಳು.

ಅಡುಗೆಮನೆಯಲ್ಲಿ ಅವಳು ಬೆನ್ನು ಮಾಡಿ ನಿಂತು, ವಾಫಲ್ ಬೇಯಿಸುವ ವಿದ್ಯುತ್ ಕಾವಲಿಗೆ ಹಿಟ್ಟು ಹಾಕಿ ಮುಚ್ಚಿದಳು. ಸಿಗ್ನೆ ಹೊಸ್ತಿಲ ಹತ್ತಿರ ಉಣ್ಣೆಯ ಕಾಲುಚೀಲದಲ್ಲಿ ನಿಂತಳು. ಒಂದರ ಹೆಬ್ಬೆರಳಿನ ಹತ್ತಿರ ತೂತಿತ್ತು. ಆ ಕಾಲನ್ನು ಇನ್ನೊಂದರ ಮೇಲಿಟ್ಟು ಮುಚ್ಚಿಕೊಂಡಳು.

“ನನಗೆ ಗೊತ್ತಿರಲಿಲ್ಲ ಅಂದ್ಕೊಂಡಿದೀಯಾ?” ಎಂದಳು ಮಾರ್ತೆ ಗೋಡೆಗೆ ಹೇಳುವಂತೆ. “ಮೊದಲನೇ ವರ್ಷಾನೇ ಗೊತ್ತಾಯ್ತು. ದೊಡ್ಡಾಸ್ಪತ್ರೆ ಡಾಕ್ಟ್ರು ಬಾಯಿ ಬಿಟ್ಟು ಹೇಳಲಿಲ್ಲ. ಆದರೆ ಪ್ರತಿ ಸಲ ಕೇಳೋರು, ಸಂಜೆ ಎಷ್ಟು ಹೊತ್ತಿಗೆ ಅಡ್ಮಿಟ್ ಆದ್ರಿ, ಎಷ್ಟು ಹೊತ್ತಿಗೆ ಅಂತ. ನಾನು ದಡ್ಡಿಯಲ್ಲ.”

“ಮತ್ತೆ ಪಂಜು ಹಿಡಿದು ಮುಂದೆ ಯಾಕೆ…”

“ಬದುಕಬೇಕಲ್ಲ ಇಲ್ಲಿ. ತೂರಾ ವಾರವಾರ ಬಂದು ಇವಳ ಕಾಲು ತಿಕ್ಕಿದಾಳೆ, ಐದು ವರ್ಷ. ಊರೆಲ್ಲ ಸೇರಿ ಆ ಇಳಿಜಾರು ಕಟ್ಟಿದ್ರು. ಇವರನ್ನೆಲ್ಲ ದ್ವೇಷಿಸಿಕೊಂಡು ನಾನೆಲ್ಲಿಗೆ ಹೋಗ್ಲಿ? ಕೃತಜ್ಞತೆ ಇಟ್ಕೊಂಡೆ. ಅದು ಸುಲಭ ಅಂತಲ್ಲ. ಅದರಲ್ಲಿ ದಿನ ಕಳೆಯುತ್ತೆ ಅಂತ.” ಕಾವಲಿ ತೆರೆದಳು, ಒಂದು ಪಕ್ಕ ಕಪ್ಪಾಗಿತ್ತು. “ನೀನು ಬರೆದದ್ದು ಸುಳ್ಳು ಅಂತ ನಾನು ಎಲ್ಲೂ ಹೇಳಿಲ್ಲ ನೋಡು. ಎಲ್ಲರೂ ಬೈದ್ರು. ನಾನು ಒಂದಕ್ಷರ ಬರೀಲಿಲ್ಲ. ನಿನಗೆ ಅದು ಕಾಣಿಸ್ಲಿಲ್ವಾ? ಅಷ್ಟೊಂದು ಜನಕ್ಕೆ ಉತ್ತರ ಕೊಡ್ತಾ ಇದ್ಯಲ್ಲ, ಬರೀದೇ ಇದ್ದೋರು ಯಾರು ಅಂತ ಒಂದು ಸಲ ನೋಡ್ಬೇಕಿತ್ತು.”

ಸಿಗ್ನೆಗೆ ಕುರ್ಚಿ ಬೇಕೆನಿಸಿತು. ಕೂತುಕೋ ಎಂದು ಯಾರೂ ಹೇಳಿರಲಿಲ್ಲ.

ಆಗ ಒಳಗಿನ ಕೋಣೆಯಿಂದ ಗಾಲಿಯ ಸದ್ದು ಬಂತು. ವಿಲ್ಡೆ ಹೊಸ್ತಿಲಲ್ಲಿ ಕುರ್ಚಿ ನಿಲ್ಲಿಸಿ ಇಬ್ಬರನ್ನೂ ನೋಡಿದಳು. ತೆಳ್ಳಗೆ, ಉದ್ದ ಕತ್ತಿನ ಹುಡುಗಿ. ಮಾತು ನಿಧಾನ, ಒಂದೊಂದು ಪದವನ್ನೂ ಎಲ್ಲಿಂದಲೋ ಎತ್ತಿ ತಂದು ಇಡುವವಳಂತೆ ಮಾತಾಡುತ್ತಿದ್ದಳು. ಆತುರದವರು ಅವಳ ವಾಕ್ಯವನ್ನು ತಾವೇ ಮುಗಿಸಿಬಿಡುತ್ತಿದ್ದರು. ಸಿಗ್ನೆ ಮುಗಿಸಲಿಲ್ಲ.

“ನಾನು ಬರೆದದ್ದು ಬರಲೇ ಇಲ್ಲ,” ಎಂದಳು ವಿಲ್ಡೆ. “ದಿನಾ ನೋಡಿದೆ. ನೀವು ತೆಗೆದುಹಾಕಿದ್ರಾ?”

“ಇಲ್ಲ. ಹಾಗೇ ಇಟ್ಟಿದೀನಿ. ಏನು ಬರೀಬೇಕು ಅಂತ ಗೊತ್ತಾಗ್ಲಿಲ್ಲ.”

“ಹೌದು ಅಥವಾ ಇಲ್ಲ ಅಂತ ಬರೀಬಹುದಿತ್ತು.”

ಮಾರ್ತೆ ತಿರುಗಿದಳು. “ವಿಲ್ಡೆ, ನನ್ನನ್ಯಾಕೆ ಕೇಳಲಿಲ್ಲ ನೀನು?”

“ನೀನು ಅಳ್ತೀಯಲ್ಲ.” ಅದರಲ್ಲಿ ದೂರಿರಲಿಲ್ಲ, ಹವಾಮಾನ ಹೇಳುವಂತೆ ಹೇಳಿದಳು. ಮತ್ತೆ ಸಿಗ್ನೆಯ ಕಡೆ ನೋಡಿದಳು. “ಸ್ಕೂಲಲ್ಲಿ ಎಲ್ಲರೂ ಹೇಳ್ತಾರೆ, ನಾನೇ ಅಂತ.”

ಸಿಗ್ನೆ ಮಾರ್ತೆಯನ್ನು ನೋಡಿದಳು. ಮಾರ್ತೆ ತಲೆಯಾಡಿಸಲೂ ಇಲ್ಲ, ಬೇಡವೆನ್ನಲೂ ಇಲ್ಲ. ಕಾವಲಿಯ ಸ್ವಿಚ್ಚನ್ನು ಆರಿಸಿದಳು, ಅಷ್ಟೆ. ಸಿಗ್ನೆ ಮೊಣಕಾಲೂರಿ ನೆಲದ ಮೇಲೆ ಕುಳಿತಳು. ಹೆರಿಗೆಯ ಕೋಣೆಯಲ್ಲಿ ಹೀಗೆಯೇ ಕೂರುತ್ತಿದ್ದಳು. ಈಗ ಮೊಣಕಾಲು ನೋಯುತ್ತದೆ.

“ಹೌದು ವಿಲ್ಡೆ. ನೀನೇ.”

ಹುಡುಗಿ ಅದನ್ನು ಕೇಳಿಸಿಕೊಂಡಳು. “ಡಾಕ್ಟ್ರು ಬೇಗ ಬಂದಿದ್ರೆ ನಾನು ನಡೀತಿದ್ನಾ?”

“ಗೊತ್ತಿಲ್ಲ. ನಡೀತಿದ್ದಿರಬಹುದು.”

“ಈ ಆಸ್ಪತ್ರೆ ಇಲ್ದೇ ಹೋಗಿದ್ರೆ? ತೂರಾ ಆಂಟಿ ಹೇಳ್ತಾರೆ, ನಾನು ದಾರೀಲಿ ಸತ್ತುಹೋಗ್ತಿದ್ದೆ ಅಂತ.”

“ಆ ರಾತ್ರಿ ನೀನು ದಾರೀಲಿ ಹುಟ್ಟಿದ್ರೆ ಉಳೀತಿರಲಿಲ್ಲ. ಅದೂ ನಿಜ. ತೂರಾನೇ ನಿನಗೆ ಉಸಿರು ಕೊಟ್ಟಿದ್ದು, ಬಾಯಿಗೆ ಬಾಯಿಟ್ಟು.”

“ಹಾಗಾದ್ರೆ ಎರಡೂ ನಿಜ.”

“ಎರಡೂ ನಿಜ.”

“ಎರಡನ್ನೂ ಯಾಕೆ ಬರೀಲಿಲ್ಲ?”

ಇಷ್ಟು ದಿನ ಬೈದವರಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ವಕೀಲನೊಬ್ಬ ಕಾನೂನು ಹೇಳಿದ್ದ, ವೈದ್ಯನೊಬ್ಬ ಅಂಕಿಅಂಶ ಕೊಟ್ಟಿದ್ದ, ‘ಮೂರು ಮಕ್ಕಳ ಅಪ್ಪ’ ಅವಳ ಹೊಟ್ಟೆಕಿಚ್ಚಿನ ಮೂಲ ಹುಡುಕಿದ್ದ. ಎಲ್ಲರಿಗೂ ಉತ್ತರವಿತ್ತು. ಸಿಗ್ನೆ ನೆಲದ ಹಲಗೆಯ ಗಂಟನ್ನು ನೋಡಿದಳು. ಅರ್ಧವಿರಾಮದ ಆಚೆ ಈಚೆ ಎರಡೇ ಮಾತು ಇರಬೇಕೆಂದು ಎಷ್ಟು ಒದ್ದಾಡಿದ್ದೆ. ಮೂರನೆಯ ಮಾತೊಂದು ಬಂದಿದ್ದರೆ ಆ ಜುಮ್ಮೆನ್ನುವುದು ಇರುತ್ತಿರಲಿಲ್ಲ.

“ಎರಡನ್ನೂ ಬರೆದ್ರೆ ಜನ ನನ್ನ ಮಾತು ಒಪ್ಪಲ್ಲ ಅನ್ನಿಸ್ತು,” ಎಂದಳು. “ಮತ್ತೆ, ಒಂದೇ ಬರೆದ್ರೆ ವಾಕ್ಯ ಚೆನ್ನಾಗಿರುತ್ತೆ ಅಂತಾನೂ.”

ವಿಲ್ಡೆ ಹುಬ್ಬು ಗಂಟಿಕ್ಕಿದಳು. “ಅದನ್ನ ಬರೆದ ಮೇಲೆ ನನ್ನ ಕ್ಲಾಸಿನವರು ಒಂಥರಾ ಆಡ್ತಾರೆ. ಮೊದಲು ಜಗಳ ಆಡ್ತಿದ್ರು. ಈಗ ನನಗೆ ದಾರಿ ಬಿಡ್ತಾರೆ.” ಮತ್ತೆ, “ಹೆಸರು ಯಾಕೆ ಹಾಕಲಿಲ್ಲ?” ಎಂದಳು.

“ಯಾರಿಗೂ ಗೊತ್ತಾಗಬಾರದು ಅಂತ.”

“ಎಲ್ಲರಿಗೂ ಗೊತ್ತಾಯ್ತು,” ಎಂದಳು ವಿಲ್ಡೆ. “ನನಗೇ ಕೊನೇಲಿ.”

ಮಾರ್ತೆ ಸೌಟನ್ನು ತೊಟ್ಟಿಗೆ ಹಾಕಿದಳು. ಸಿಗ್ನೆ ಏಳಲು ಹೋಗಿ ಮೇಜಿನ ಅಂಚು ಹಿಡಿದುಕೊಂಡಳು. ಎದ್ದ ಮೇಲೆ, ಆ ಭಾಗವನ್ನು ತೆಗೆದುಹಾಕುತ್ತೇನೆ, ಬೇಕಾದರೆ ಇಡೀ ಲೇಖನ ತೆಗೆಯುತ್ತೇನೆ ಎಂದಳು. ಯಾರಿಗೆ ಹೇಳುತ್ತಿದ್ದೇನೆಂದು ಅವಳಿಗೇ ಸ್ಪಷ್ಟವಿರಲಿಲ್ಲ.

“ಬೇಡ,” ಎಂದದ್ದು ಮಾರ್ತೆ. “ಈಗ ತೆಗೆದ್ರೆ ನಾನು ಬಂದು ಅತ್ತು ತೆಗೆಸಿದೆ ಅಂತಾರೆ. ಇರ್ಲಿ.” ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ ಮಗಳ ಕಡೆ ತಿರುಗಿದಳು. “ನಿನಗೇನು ಬೇಕು?”

“ನಾನು ಅಲ್ಲಿ ಕೇಳಿದ್ದು. ಅಲ್ಲೇ ಉತ್ತರ ಬರಲಿ.”

“ಊರೆಲ್ಲ ಓದುತ್ತೆ ವಿಲ್ಡೆ.”

“ಓದಿಯಾಗಿದೆಯಲ್ಲ.”

ಮಾರ್ತೆ ಕಿಟಕಿಯ ಕಡೆ ಹೋಗಿ ನಿಂತಳು. ಹೊರಗೆ ಚರ್ಚಿನವರು ಕ್ರಿಸ್ಮಸ್ಸಿಗೆ ಮರಗಳಿಗೆ ದೀಪ ಸುತ್ತುತ್ತಿದ್ದರು, ಏಣಿಯ ಮೇಲಿದ್ದವನಿಗೆ ಕೆಳಗಿನವನು ಏನೋ ಹೇಳಿ ನಗುತ್ತಿದ್ದ. ತಿರುಗದೆಯೇ, “ಎರಡನ್ನೂ ಬರೆ,” ಎಂದಳು. “ತೂರಾ ಉಸಿರು ಕೊಟ್ಟಿದ್ದನ್ನೂ. ಮತ್ತೆ ಸಿಗ್ನೆ, ಆ ಸಂಜೆ ಏನಾಯ್ತು ಅಂತ ನಾನು ನಿನ್ನ ಕೇಳಲ್ಲ. ಅದನ್ನ ನನಗೆ ಹೇಳಬೇಕಾದೋಳು ನೀನಲ್ಲ.”

ವಾಫಲ್ ತಿನ್ನು ಎಂದು ಸಿಗ್ನೆಗೆ ಯಾರೂ ಹೇಳಲಿಲ್ಲ. ಶೂ ಹಾಕಿಕೊಂಡು ಇಳಿಜಾರಿನಲ್ಲಿ ಇಳಿಯುವಾಗ ಹಲಗೆಯ ಮೇಲೆ ತೆಳ್ಳಗೆ ಮಂಜು ಕಟ್ಟಿತ್ತು. ಪಕ್ಕದ ಕಂಬಿ ಹಿಡಿದು, ಒಂದೊಂದೇ ಹೆಜ್ಜೆ ಇಟ್ಟು ಇಳಿದಳು.

ಮನೆಯಲ್ಲಿ ಓಡ್ವಾರ್ ಆಲೂಗಡ್ಡೆ ಬೇಯಲಿಟ್ಟು ರೇಡಿಯೋ ಕೇಳುತ್ತಿದ್ದ. ಅವಳು ಕೋಟನ್ನೂ ತೆಗೆಯದೆ ಮೇಜಿನ ಮುಂದೆ ಕುಳಿತಳು. ಬೆರಳು ತಾನಾಗಿಯೇ ‘ನಿಮ್ಮ ಪ್ರಶ್ನೆಗೆ ಧನ್ಯವಾದ’ ಎಂದು ಬರೆಯಿತು. ಅಳಿಸಿದಳು. ‘ನಿನ್ನ ಧೈರ್ಯ’ ಎಂದು ಬರೆದಳು. ಅದನ್ನೂ ಅಳಿಸಿದಳು, ಆ ಹುಡುಗಿ ಧೈರ್ಯದ ಸರ್ಟಿಫಿಕೇಟು ಕೇಳಿರಲಿಲ್ಲ. ಬೆಳಕು ಆಗಲೇ ಹೋಗಿಯಾಗಿತ್ತು. ಓಡ್ವಾರ್ ದೀಪ ಹಾಕಿ, ಅವಳ ಹೆಗಲ ಮೇಲಿಂದ ಮೊದಲ ಸಲ ಪರದೆಯನ್ನು ನೋಡಿದ. ಮಗುವಿನ ನಾಲ್ಕು ಸಾಲು ಓದಿದ. ಹೋಗಿ ರೇಡಿಯೋ ಆರಿಸಿದ.

ಅವಳು ಬರೆದದ್ದು ಇಷ್ಟೆ. ‘ಹೌದು ವಿಲ್ಡೆ, ಅದು ನೀನೇ. ವೈದ್ಯರು ಸಮಯಕ್ಕೆ ಸಿಕ್ಕಿದ್ದರೆ ನೀನು ನಡೆಯುತ್ತಿದ್ದಿರಬಹುದು. ಆ ರಾತ್ರಿ ಈ ವಾರ್ಡಿನವರು ಉಸಿರು ಕೊಡದಿದ್ದರೆ ನೀನು ಇರುತ್ತಿರಲಿಲ್ಲ. ಎರಡೂ ನಿಜ, ನಾನು ಒಂದನ್ನೇ ಬರೆದೆ. ವಾರ್ಡು ಮುಚ್ಚಬೇಕೆಂದು ನಾನು ಈಗಲೂ ನಂಬುತ್ತೇನೆ. ಆದರೆ ಅದಕ್ಕೆ ನಿನ್ನನ್ನು ಕೇಳದೆ ನಿನ್ನನ್ನು ಬಳಸಿಕೊಂಡೆ. ಮೊದಲು ನಿನಗೂ ನಿನ್ನ ಅಮ್ಮನಿಗೂ ಹೇಳಬೇಕಿತ್ತು. ಸಿಗ್ನೆ.’ ಓದಿ ನೋಡಿದಳು. ವಾಕ್ಯಗಳು ಒಂದಕ್ಕೊಂದು ಕೂಡದೆ ಕುಂಟುತ್ತಿದ್ದವು. ತಿದ್ದಲು ಕೈ ತುರಿಸಿತು. ತಿದ್ದಲಿಲ್ಲ. ವಿಲ್ಡೆಯ ಪ್ರತಿಕ್ರಿಯೆಗೆ ಒಪ್ಪಿಗೆ ಕೊಟ್ಟು, ಅದರ ಕೆಳಗೆ ತನ್ನದನ್ನು ಸೇರಿಸಿದಳು.

ಮೀನಿನ ವಡೆ ಕರಿದರು, ತಿಂದರು. ಪಾತ್ರೆ ತೊಳೆದರು. ಅವಳು ನಡುನಡುವೆ ಬಂದು ನೋಡುತ್ತಿದ್ದಳು. ಎಷ್ಟು ಜನ ಓದಿದ್ದಾರೆಂದು ಪುಟ ತೋರಿಸುತ್ತಿತ್ತು, ಆ ಸಂಖ್ಯೆ ಏರುತ್ತಲೇ ಇತ್ತು. ಯಾರೂ ಒಂದಕ್ಷರ ಬರೆದಿರಲಿಲ್ಲ. ‘ಮೂರು ಮಕ್ಕಳ ಅಪ್ಪ’ನೂ ಇಲ್ಲ. ಊರೆಲ್ಲ ತಂತಮ್ಮ ಅಡುಗೆಮನೆಗಳಲ್ಲಿ ಆ ಹುಡುಗಿಯ ನಾಲ್ಕು ಸಾಲಿನ ಮುಂದೆ ಸುಮ್ಮನೆ ಕೂತಿರುವುದು ಸಿಗ್ನೆಗೆ ಕಂಡಂತಾಯಿತು.

“ಯಾರೂ ಏನೂ ಬರೆದಿಲ್ವಾ?” ಎಂದ ಓಡ್ವಾರ್.

“ಇಲ್ಲ.”

ಅವನು ಕುರ್ಚಿಯ ಮೇಲೆ ಬಿದ್ದಿದ್ದ ಅವಳ ಕೋಟನ್ನು ಎತ್ತಿ ಗೂಟಕ್ಕೆ ಹಾಕಿದ. ಆಗ ಫೋನು ಬಂತು. ತೂರಾ. ಎತ್ತಿದಾಗ ಮೊದಲು ಉಸಿರು ಮಾತ್ರ ಕೇಳಿಸಿತು; ಇಷ್ಟು ವರ್ಷ ಪಕ್ಕದಲ್ಲಿ ನಿಂತು ಕೆಲಸ ಮಾಡಿದವಳ ಉಸಿರು, ಅದು ಅಳುವಿನದಲ್ಲವೆಂದು ಸಿಗ್ನೆಗೆ ಗೊತ್ತಾಯಿತು.

“ಓದಿದೆ,” ಎಂದಳು ತೂರಾ. “ಮಾರ್ತೆಗೆ ಫೋನು ಮಾಡಿದ್ದೆ. ನಾಳೆ ಚರ್ಚು ಮುಗಿದ ಮೇಲೆ ಬಾ ಅಂದಿದಾಳೆ. ಆ ಸಂಜೆದು ಎಲ್ಲ ಹ್ಯಾಗಾಯ್ತು ಅಂತ ಹೇಳ್ತೀನಿ.”

“ನಾನೂ ಬರಲಾ?” ಎಂದಳು ಸಿಗ್ನೆ. “ಕಾರಲ್ಲಿ ಕೂತಿರ್ತೀನಿ. ಒಳಗೆ ಬರಲ್ಲ.”

“ಬೇಡ,” ಎಂದಳು ತೂರಾ. “ಎಲ್ಲದಕ್ಕೂ ನೀನೇ ಇರಬೇಕಿಲ್ಲ ಸಿಗ್ನೆ.” ಫೋನು ಇಟ್ಟಳು.